ರಾಜಣ್ಣ ಅಲ್ಲ ಸ್ವಾಮಿ, ಸೊಂಟ ನೋಡಿ

ಒಂದು ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗ, ಊಟದ ಬಿಡುವು. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. 'ಎರಡು ಗಂಟೆಗೆ ವೈವಾ ಇದೆ, ಜಾಸ್ತಿ ಮಾತಾಡಿಸಿ ಸುಸ್ತು ಮಾಡಬೇಡಿ' ಎಂದು ಅಟೆಂಡರ್ ಬೀಗ ತೆಗೆದುಕೊಟ್ಟು ಹೋದ. ಮೂಲೆಯ ಕಬ್ಬಿಣದ ಸ್ಟ್ಯಾಂಡಿನಲ್ಲಿ ಅಸ್ಥಿಪಂಜರ ನೇತಾಡುತ್ತಿತ್ತು.

ಪತ್ರಿಕೆ: ನಮಸ್ಕಾರ ರಾಜಣ್ಣನವರೇ. ವಿದ್ಯಾರ್ಥಿಗಳೆಲ್ಲ ನಿಮ್ಮನ್ನು ಹಾಗೇ ಕರೆಯುತ್ತಾರಂತೆ.

ಅಸ್ಥಿಪಂಜರ: ಕರೀತಾರೆ. ಫ್ರೆಷರ್ಸ್ ಡೇ ಬಂತು ಅಂದರೆ ತಲೆಗೊಂದು ಟೋಪಿ, ಹಲ್ಲಿನ ಸಂದಿಗೊಂದು ಸಿಗರೇಟು, ಆಮೇಲೆ ಫೋಟೋ. ಸ್ವಲ್ಪ ಕೆಳಗೆ ನೋಡಿ ಸ್ವಾಮಿ. ಸೊಂಟದ ಮೂಳೆ ಎಷ್ಟು ಅಗಲ ಇದೆ? ಮುಂದೆ ಎರಡೂ ಕಡೆಯ ಮೂಳೆ ಕೂಡುವಲ್ಲಿ ಕೆಳಗಿನ ಕೋನ ಎಷ್ಟು ಹಿಗ್ಗಿದೆ? ನಾನು ಹೆಂಗಸು. ಗಂಡಿನ ಸೊಂಟಕ್ಕೂ ಹೆಣ್ಣಿನ ಸೊಂಟಕ್ಕೂ ಇರುವ ವ್ಯತ್ಯಾಸ ಬರೆದು ಪೂರ್ತಿ ಮಾರ್ಕ್ಸ್ ಹೊಡೆದ ಹುಡುಗ ಹೊರಗೆ ಬಂದು, 'ಏನ್ ರಾಜಣ್ಣ' ಅಂತ ನನ್ನ ಹೆಗಲಿಗೆ ಕೈ ಹಾಕ್ತಾನೆ.

ಪತ್ರಿಕೆ: ಕ್ಷಮಿಸಿ ಅಮ್ಮ, ಗೊತ್ತಾಗಲಿಲ್ಲ.

ಅಸ್ಥಿಪಂಜರ: ಅಮ್ಮ ಅನ್ನಿಸಿಕೊಳ್ಳುವ ವಯಸ್ಸೂ ನಂದಲ್ಲ. ಕೊರಳೆಲುಬಿನ ಒಳತುದಿ ದೇಹದಲ್ಲಿ ಎಲ್ಲಕ್ಕಿಂತ ಕಡೆಗೆ ಬೆಸೆದುಕೊಳ್ಳುವ ಜಾಗ. ಮೂವತ್ತರ ಹೊತ್ತಿಗೆ ಆ ಕೆಲಸ ಮುಗಿಯುತ್ತೆ. ನನ್ನದು ಮುಗಿದಿಲ್ಲ. ಇರಲಿ, ಅಮ್ಮ ಅಂತಲೇ ಅನ್ನಿ, ರಾಜಣ್ಣನಿಗಿಂತ ವಾಸಿ.

ಪತ್ರಿಕೆ: ಸ್ವಂತ ಊರು?

ಅಸ್ಥಿಪಂಜರ: ಗೊತ್ತಿಲ್ಲ. ಬೇಯಿಸಿ, ಬಿಳುಪು ಮಾಡಿ, ತಂತಿಯಲ್ಲಿ ಪೋಣಿಸಿದ್ದು ಕಲ್ಕತ್ತದಲ್ಲಿ. ಆಗೆಲ್ಲ ದೇಶವಿದೇಶದ ವೈದ್ಯಕೀಯ ಕಾಲೇಜುಗಳಿಗೆ ಮೂಳೆ ಹೋಗುತ್ತಿದ್ದುದು ಹೆಚ್ಚಾಗಿ ಅಲ್ಲಿಂದಲೇ. ವಾರಸುದಾರರಿಲ್ಲದ ಹೆಣ, ಸೌದೆಗೆ ದುಡ್ಡು ಸಾಲದೆ ಅರೆಬೆಂದದ್ದು, ರಾತ್ರೋರಾತ್ರಿ ಗೋರಿಯಿಂದ ಎತ್ತಿದ್ದು, ಎಲ್ಲವೂ ಸರಕೇ. 1985ರಲ್ಲಿ ಕೇಂದ್ರ ಸರ್ಕಾರ ರಫ್ತು ನಿಷೇಧಿಸಿತು. ನನ್ನ ಜೊತೆಯವರು ಅಷ್ಟರಲ್ಲಿ ಹಡಗು ಹತ್ತಿ ಸಮುದ್ರ ದಾಟಿಯಾಗಿತ್ತು. ಬದುಕಿದ್ದಾಗ ಪಕ್ಕದ ಜಿಲ್ಲೆ ನೋಡದವರು ಸತ್ತ ಮೇಲೆ ಫಾರಿನ್! ನನ್ನನ್ನು ಮಾತ್ರ ದಕ್ಷಿಣದ ರೈಲಿಗೆ ಹಾಕಿದರು.

ಪತ್ರಿಕೆ: ಆದರೂ ಇಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೀರಿ.

ಅಸ್ಥಿಪಂಜರ: ಎಷ್ಟು ವರ್ಷದಿಂದ ಇಲ್ಲೇ ನೇತಾಡ್ತಿದೀನಿ. ಸತ್ತವಳು ಕಲಿತೆ. ಅಪಾರ್ಟ್‌ಮೆಂಟಿನಲ್ಲಿ ಬದುಕಿರುವವರನ್ನು ಕೇಳಿ.

ಪತ್ರಿಕೆ: ಇಲ್ಲಿ ನಿಮ್ಮ ಹುದ್ದೆ ಏನು?

ಅಸ್ಥಿಪಂಜರ: ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಸಾಲು. ನನ್ನ ಮೇಲೆ ಮರದ ಸ್ಟೂಲು, ಕೆಳಗೆ ಸೀಲಿಂಗ್ ಫ್ಯಾನು. ಪರಿಶೀಲನೆಗೆ ಬರುವ ಗುಮಾಸ್ತರು ದೂರದಲ್ಲೇ ನಿಂತು 'ಮೂಳೆ 206, ಸರಿಯಿದೆ' ಅಂತ ಟಿಕ್ ಹಾಕ್ತಾರೆ. ಎರಡೂ ಕಿವಿಯೊಳಗಿನ ಆರು ಪುಟ್ಟ ಮೂಳೆ ಹೋಗಿ ಎಷ್ಟೋ ಕಾಲವಾಯ್ತು. ಗಂಟಲಿನ ಹಯಾಯ್ಡ್ ಕೂಡ ಇಲ್ಲ. ಲೆಕ್ಕ ಹಾಕಿದರೆ 199. ಸರ್ಕಾರಿ ಕಾಗದದಲ್ಲಿ ಮಾತ್ರ ನಾನು ಪರಿಪೂರ್ಣೆ.

ಪತ್ರಿಕೆ: ಹಯಾಯ್ಡ್ ಇಲ್ಲದಿದ್ದರೆ ಏನು ನಷ್ಟ?

ಅಸ್ಥಿಪಂಜರ: ಅದು ದೇಹದ ಪಕ್ಷೇತರ ಶಾಸಕ. ಬೇರೆ ಯಾವ ಮೂಳೆಯ ಜೊತೆಗೂ ಕೀಲು ಕೂಡಿಸಿಕೊಳ್ಳೋದಿಲ್ಲ, ಆದರೆ ನಾಲಿಗೆ ಅದನ್ನು ನೆಚ್ಚಿಕೊಂಡೇ ಆಡುತ್ತೆ. ಕುತ್ತಿಗೆ ಹಿಸುಕಿದ ಅನುಮಾನ ಇದ್ದಾಗ ಫೊರೆನ್ಸಿಕ್ ವೈದ್ಯರು ತಪ್ಪದೆ ನೋಡುವ ಮೂಳೆಯೂ ಅದೇ. ನನ್ನದು ಸಿಕ್ಕಿಲ್ಲ. ಮುಂದಿನ ಪ್ರಶ್ನೆ ಕೇಳಿ.

ಪತ್ರಿಕೆ: ನಮ್ಮ ಓದುಗರ ಮಕ್ಕಳು ಪಿಯುಸಿ ಮುಗಿಸಿ ಕೂತಿದ್ದಾರೆ. ಮೂಳೆ ನಂಬಿದರೆ ಹೊಟ್ಟೆ ತುಂಬುತ್ತದೆಯೇ?

ಅಸ್ಥಿಪಂಜರ: ತುಂಬದೆ ಏನು! ರಸ್ತೆ ಗುಂಡಿ ಮುಚ್ಚುವವರೆಗೂ ಆರ್ಥೋ ವಾರ್ಡ್ ಖಾಲಿಯಾಗೋದಿಲ್ಲ, ಪಾಲಿಕೆ ಇರುವವರೆಗೂ ಗುಂಡಿ ಮುಚ್ಚೋದಿಲ್ಲ. ಮಂಡಿ ಬದಲಾವಣೆಗೆ ಬಳಸುವ ಕೃತಕ ಕೀಲಿಗೆ ಎಷ್ಟು ಬೇಕಾದರೂ ಬಿಲ್ ಹಾಕುತ್ತಿದ್ದರು. 2017ರಲ್ಲಿ ಕೇಂದ್ರ ಸರ್ಕಾರವೇ ಬೆಲೆಗೆ ಮಿತಿ ಕಟ್ಟಬೇಕಾಯ್ತು ಅಂದರೆ ವ್ಯಾಪಾರ ಹೇಗಿತ್ತು ನೋಡಿ. ಒಂದೇ ಬೇಜಾರು. ಮುಟ್ಟು ನಿಂತ ಮೇಲೆ ಟೊಳ್ಳಾಗುವುದು, ಬಚ್ಚಲಲ್ಲಿ ಜಾರಿ ತೊಡೆಮೂಳೆಯ ಕುತ್ತಿಗೆ ಮುರಿಯುವುದು ಹೆಚ್ಚಾಗಿ ಹೆಂಗಸರ ಮೂಳೆ. ಕೂಡಿಸೋಕೆ ಬರುವವರು ಮುಕ್ಕಾಲುಪಾಲು ಗಂಡಸರು. ಹುಡುಗಿಯರು ಆರ್ಥೋ ಆರಿಸಿದರೆ 'ಸುತ್ತಿಗೆ ಹಿಡಿಯೋ ಕೆಲಸಮ್ಮ, ತೋಳಲ್ಲಿ ಬಲ ಬೇಕು' ಅಂತಾರೆ. ಡ್ರಿಲ್ ತಿರುಗೋದು ಕರೆಂಟಿನಿಂದ.

ಪತ್ರಿಕೆ: ಸರ್ಜನ್ ಆಗಲು ಎಲ್ಲರಿಗೂ ಸೀಟು ಸಿಗಬೇಕಲ್ಲ.

ಅಸ್ಥಿಪಂಜರ: ಅದಕ್ಕೇ ಹೇಳ್ತೀನಿ, ಎಕ್ಸ್-ರೇ ರೂಮಿಗೆ ಹೋಗಿ ನೋಡಿ. ಜರ್ಮನಿಯ ರಾಂಟ್‌ಗನ್ 1895ರಲ್ಲಿ ಹೆಂಡತಿಯ ಕೈಮೂಳೆ ಚಿತ್ರ ಹಿಡಿದ, ಉಂಗುರ ಸಮೇತ. 1901ರಲ್ಲಿ ಅವನಿಗೆ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್. ಇವತ್ತು ಅದೇ ಕೆಲಸ ದಿನಕ್ಕೆ ನೂರು ಸಲ ಮಾಡುವ ಹುಡುಗಿ ಎದೆಗೊಂದು ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡಿರ್ತಾಳೆ, ಅವಳ ಮೈಗೆ ಎಷ್ಟು ಕಿರಣ ತಾಗಿದೆ ಅಂತ ಅಳೆಯೋಕೆ. ರೋಗಿಯ ಕಡೆಯವರು ಅವಳನ್ನು ಕೂಗೋದು 'ಎಕ್ಸ್-ರೇ!' ಅಂತ. ಅತ್ತ ಪ್ಲಾಸ್ಟರ್ ರೂಮಿನಲ್ಲಿ ಒಬ್ಬ ಇರ್ತಾನೆ. ಮುರಿದ ಕೈಯನ್ನು ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಅವನ ಬೆರಳಿಗೆ ಗೊತ್ತು. ಹೊಸ ಪಿಜಿ ಡಾಕ್ಟರುಗಳು ಕಲಿಯೋದು ಅವನಿಂದ, ಬೈಯೋದೂ ಅವನಿಗೇ.

ಪತ್ರಿಕೆ: ಫಿಸಿಯೋಥೆರಪಿ?

ಅಸ್ಥಿಪಂಜರ: ಆಪರೇಷನ್ ಎರಡು ಗಂಟೆ, ನಡೆಸೋದು ಆರು ತಿಂಗಳು. ಮೂಳೆ ಜೀವ ಇರುವ ವಸ್ತು ಸ್ವಾಮಿ, ನನ್ನನ್ನು ನೋಡಿ ಮೋಸ ಹೋಗಬೇಡಿ. ಒಳಗೇ ಒಂದು ತಂಡ ಕೆಡವುತ್ತೆ, ಇನ್ನೊಂದು ಕಟ್ಟುತ್ತೆ. ಭಾರ ಬಿದ್ದ ಕಡೆ ಗಟ್ಟಿಯಾಗುತ್ತೆ, ಮಲಗಿಸಿಬಿಟ್ಟರೆ ಕರಗುತ್ತೆ. ಆ ಭಾರವನ್ನು ಅಳತೆ ಮಾಡಿ ಹೊರಿಸುವವರು ಫಿಸಿಯೋಗಳು. 2025ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಪತ್ರ ಬಂತು: ಅವರು ಹೆಸರಿನ ಮುಂದೆ 'ಡಾ.' ಹಾಕಕೂಡದು. ಗಲಾಟೆಯಾಯ್ತು, ಪತ್ರ ಬಂದಷ್ಟೇ ಬೇಗ ವಾಪಸ್ ಹೋಯ್ತು. ಅಷ್ಟು ಚುರುಕಾಗಿ ಬಾಗುವ ಬೆನ್ನೆಲುಬನ್ನು ನಾನು ಯಾವ ಕ್ಲಾಸಿನಲ್ಲೂ ನೋಡಿಲ್ಲ.

ಪತ್ರಿಕೆ: ಕೃತಕ ಕಾಲು ಮಾಡುವವರು?

ಅಸ್ಥಿಪಂಜರ: ಜೈಪುರ ಕಾಲು ಕೇಳಿದ್ದೀರಲ್ಲ? ಚಕ್ಕಳಮಕ್ಕಳ ಹಾಕಿ ಕೂರಬಹುದು, ಬರಿಗಾಲಲ್ಲಿ ಗದ್ದೆಗೆ ಇಳಿಯಬಹುದು. ಸರ್ಜನ್ ಪಿ.ಕೆ. ಸೇಠಿಯವರ ಜೊತೆ ಅದನ್ನು ರೂಪಿಸಿದವರು ರಾಮಚಂದ್ರ ಶರ್ಮ, ಹೆಚ್ಚು ಓದದ ಕುಶಲಕರ್ಮಿ. 1981ರ ಮ್ಯಾಗ್ಸೆಸೆ ಪ್ರಶಸ್ತಿ ಯಾರಿಗೆ ಬಂತು ಅಂತ ನಿಮ್ಮ ಓದುಗರೇ ಊಹಿಸಲಿ.

ಪತ್ರಿಕೆ: ಪುತ್ತೂರು ಕಟ್ಟು ಹಾಕುವವರ ಬಗ್ಗೆ ಏನಂತೀರಿ?

ಅಸ್ಥಿಪಂಜರ: ಆಂಧ್ರದ ಪುತ್ತೂರು, ಆದರೆ ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಬೋರ್ಡು. ಕೆಲವರ ಕೈ ಪಳಗಿದೆ, ಅಲ್ಲ ಅನ್ನಲ್ಲ. ಬಿಗಿ ಹೆಚ್ಚಾಗಿ ರಕ್ತ ನಿಂತು ಬೆರಳು ಕಪ್ಪಾದ ಮೇಲೆ ಮಾತ್ರ ರೋಗಿಯನ್ನು ಆಸ್ಪತ್ರೆಗೆ ಸಾಗಹಾಕ್ತಾರೆ. ಅಲ್ಲಿಗೆ ಅವರ ಲೆಕ್ಕದಲ್ಲಿ ಸೋತಿದ್ದು ಆಸ್ಪತ್ರೆ.

ಪತ್ರಿಕೆ: ಕರ್ನಾಟಕದ ಮೂಳೆಗಳಿಗೆ ಈಗ ತುರ್ತಾಗಿ ಬೇಕಾದ ವೃತ್ತಿ ಯಾವುದು?

ಅಸ್ಥಿಪಂಜರ: ಪಾವಗಡದ ಕಡೆ ಹೋಗಿ ಬನ್ನಿ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಅದನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು ಸೆಟೆದುಕೊಳ್ಳುತ್ತೆ, ಕೀಲು ಬಿಗಿಯುತ್ತೆ. ಮೂಳೆ ದಪ್ಪವಾಗುತ್ತೆ, ಆದರೆ ಗಟ್ಟಿಯಾಗಲ್ಲ. ಆದ ಮೇಲೆ ಯಾವ ಸರ್ಜನ್ ಬಂದರೂ ಮೊದಲಿನಂತೆ ಮಾಡೋಕೆ ಆಗಲ್ಲ. ಅಲ್ಲಿಗೆ ಬೇಕಾದ ಮೂಳೆ ಡಾಕ್ಟರು ಕುಡಿಯುವ ನೀರು ಪೂರೈಸುವ ನಿಯತ್ತಿನ ಇಂಜಿನಿಯರು. ಈ ಮಾತು ಯಾವ ಕೆರಿಯರ್ ಗೈಡೆನ್ಸ್ ಪುಸ್ತಕದಲ್ಲೂ ಬರೆದಿಲ್ಲ.

ಪತ್ರಿಕೆ: ಇಷ್ಟು ಜನರಿಗೆ ಪಾಠವಾದಿರಿ. ನಿಮ್ಮನ್ನು ನಿಜವಾಗಿ ಓದಿದವರು ಯಾರಾದರೂ ಇದ್ದಾರೆಯೇ?

ಅಸ್ಥಿಪಂಜರ: ಒಬ್ಬಳು. ಎಂ.ಡಿ. ಅನಾಟಮಿಗೆ ಬಂದವಳು. ಎಷ್ಟೋ ಕಡೆ ಖಾಲಿ ಬೀಳುವ ಸೀಟು ಅದು, ಪ್ರಾಕ್ಟೀಸು ಇಲ್ಲವಲ್ಲ. ಸಂಜೆ ಒಬ್ಬಳೇ ಕೂತು ನನ್ನ ಕುತ್ತಿಗೆಯ ಏಳೂ ಮೂಳೆ ಬೆರಳಲ್ಲಿ ಸವರಿ, 'ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಸವೆದಿದೆಯಲ್ಲ, ತಲೆ ಮೇಲೆ ಏನು ಹೊರ್ತಿದ್ರಿ?' ಅಂತ ಕೇಳಿದಳು. ಇಟ್ಟಿಗೆಯೋ ಸೌದೆಯೋ, ನನಗೂ ಮರೆತಿದೆ. ಮಾರನೇ ದಿನದಿಂದ ಕ್ಲಾಸಿನಲ್ಲಿ ಯಾರಾದರೂ ರಾಜಣ್ಣ ಅಂದರೆ ಅವಳು ಎಬ್ಬಿಸಿ ನಿಲ್ಲಿಸಿ ಸೊಂಟದ ಮೂಳೆ ವಿವರಿಸು ಅಂತಿದ್ದಳು.

ಪತ್ರಿಕೆ: ಪ್ಲಾಸ್ಟಿಕ್ ಅಸ್ಥಿಪಂಜರ ಬಂದಿವೆ. ಕೆಲಸ ಹೋಗುವ ಭಯ ಇಲ್ಲವೇ?

ಅಸ್ಥಿಪಂಜರ: ಬರಲಿ, ನನಗೂ ಬಿಡುಗಡೆ. ಆದರೆ ಅವೆಲ್ಲ ಒಂದೇ ಅಚ್ಚು, ಯಾವುದಕ್ಕೂ ಕುತ್ತಿಗೆ ಸವೆದಿರೋದಿಲ್ಲ. ಅದಕ್ಕೇ ದೇಹದಾನ ಮಾಡಿ ಅಂತ ಕೇಳ್ತಿರೋದು. ಫಾರಂ ಆಫೀಸಿನಲ್ಲಿ ಸಿಗುತ್ತೆ, ಸಾಕ್ಷಿಗಳ ಸಹಿ ಬೇಕು. ನಿಮಗೊಂದು ತರಿಸಲಾ?

ಪತ್ರಿಕೆ: ಅದು... ಮನೆಯಲ್ಲಿ ಒಂದು ಮಾತು ಕೇಳಿ ಹೇಳ್ತೀನಿ.

ಅಸ್ಥಿಪಂಜರ: ಕೇಳಿ, ಕೇಳಿ. ಈಗ ಕೇಳುವ ಪದ್ಧತಿ ಬಂದಿದೆ, ಒಳ್ಳೆಯದು.