ಬೀರುವಿನ ಬೀಗದ ಮೇಷ್ಟ್ರು

ಶಾಲಾ ಗ್ರಂಥಪಾಲಕರೆಂಬ ವರ್ಗದಲ್ಲಿ ಗ್ರಂಥಪಾಲಕರಾಗಲೆಂದು ಬಂದವರು ಅಪರೂಪ. ಕರ್ನಾಟಕದ ಅನೇಕ ಪ್ರೌಢಶಾಲೆಗಳಲ್ಲಿ ಈ ಹೊಣೆ ಕನ್ನಡ ಪಂಡಿತರಿಗೋ ಡ್ರಿಲ್ ಮೇಷ್ಟ್ರಿಗೋ ಹೆಚ್ಚುವರಿಯಾಗಿ ಅಂಟಿಕೊಳ್ಳುತ್ತದೆ. ಎರಡು ಕಬ್ಬಿಣದ ಬೀರು, ಒಂದು ದಪ್ಪ ರಿಜಿಸ್ಟರು, ಜೇಬಿನಲ್ಲಿ ಕೀಲಿಗೊಂಚಲು ಇವರ ಮುಖ್ಯ ಲಕ್ಷಣಗಳು.

ಇವರ ಆಯ್ಕೆಯಲ್ಲಿ ಸ್ವಂತ ರುಚಿ ಬೆರೆಯುತ್ತದೆಯೇ ಎಂಬ ಪ್ರಶ್ನೆಗೆ ಬೀರುವಿನ ಕದವೇ ಉತ್ತರಿಸುತ್ತದೆ. ಡ್ರಿಲ್ ಮೇಷ್ಟ್ರ ಅವಧಿಯ ಅರೆಯಲ್ಲಿ ಯೋಗಾಸನ, ಕಬಡ್ಡಿ ನಿಯಮಾವಳಿ. ಪಂಡಿತರ ಅರೆಯಲ್ಲಿ ಗದುಗಿನ ಭಾರತದ ಮೂರು ಪ್ರತಿ. ವಿಜ್ಞಾನದವರ ಅರೆಯಲ್ಲಿ ಕಾರಂತರ ವಿಜ್ಞಾನ ಪ್ರಪಂಚ. ಅರೆಗಳನ್ನು ಮೇಲಿಂದ ಕೆಳಗೆ ನೋಡಿದರೆ ಶಾಲೆಯ ವರ್ಗಾವಣೆಗಳ ಚರಿತ್ರೆ ತಿಳಿಯುತ್ತದೆ.

ಮೆಲ್ವಿಲ್ ಡ್ಯೂಯಿ 1876ರಲ್ಲಿ ಜ್ಞಾನವನ್ನು ಹತ್ತು ವರ್ಗ ಮಾಡಿದ. ಮೇಷ್ಟ್ರಿಗೆ ಮೂರು ಸಾಕು: ಮಕ್ಕಳು ಓದಬೇಕಾದ್ದು, ಓದಬಾರದ್ದು, ಮೊದಲು ತಾವು ಓದಿ ನೋಡಬೇಕಾದ್ದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಮೂರನೆಯದಕ್ಕೆ ಸೇರಿ, ಅಲ್ಲೇ ಉಳಿಯುತ್ತವೆ.

ಪುಸ್ತಕಗಳಿರುವುದು ಬಳಕೆಗೆ ಎಂಬುದು ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ, ಕಾರಣವೂ ಇದೆ. ಬಳಸಿದರೆ ಹರಿಯುತ್ತದೆ, ಕೊಟ್ಟರೆ ಕಳೆಯುತ್ತದೆ, ಕಳೆದರೆ ಚಾರ್ಜು ಒಪ್ಪಿಸುವ ದಿನ ಕೈಯಿಂದ ಕಟ್ಟಬೇಕು.

ಈ ವರ್ಗದ ಉತ್ತಮ ಮಾದರಿಯೊಬ್ಬರ ಬಳಿ ಒಂಬತ್ತನೇ ತರಗತಿಯ ಹುಡುಗನೊಬ್ಬ ತೇಜಸ್ವಿಯವರ ‘ಕರ್ವಾಲೊ’ ಕೇಳಿದ. "ಹಾರೋ ಓತಿ ಹುಡುಕಿದ್ರೆ ಗಣಿತದಲ್ಲಿ ಪಾಸಾಗ್ತೀಯೇನೋ?" ಎಂದು ಮೇಷ್ಟ್ರು ಬ್ರಹ್ಮಚರ್ಯದ ಮೇಲಿನ ಪುಸ್ತಕ ಕೊಟ್ಟರು. ಮರುವಾರ ಕೇಳಿದಾಗಲೂ ಅದರ ಎರಡನೇ ಭಾಗ. ಮೂರನೇ ವಾರ ‘ಕರ್ವಾಲೊ’ ಸ್ಟಾಫ್ ರೂಮಿನ ಮೇಜಿನ ಮೇಲೆ, ನಡುವೆ ಬಸ್ ಟಿಕೆಟ್ಟು ಸಿಕ್ಕಿಸಿಕೊಂಡು ಮಲಗಿತ್ತು. ಬೇಸಿಗೆ ರಜೆಯ ಮುನ್ನಾದಿನ ಮೇಷ್ಟ್ರೇ ಹುಡುಗನನ್ನು ಕರೆದು, ರಿಜಿಸ್ಟರಿನಲ್ಲಿ ಬರೆಯದೆ, ಅದನ್ನು ಕೈಗಿತ್ತರು. "ಚೆನ್ನಾಗಿದೆ ಕಣೋ. ಜೋಪಾನ."

ಮೇಲಿನಿಂದ ಸರಬರಾಜಿನ ಪಟ್ಟಿ ನೋಡಿ ಶಾಲೆಗೆ ಕಳಿಸುವ ಪುಸ್ತಕದ ಕಟ್ಟುಗಳಿಗೆ ಇಂಥ ಪಕ್ಷಪಾತದ ಕಳಂಕವಿಲ್ಲ. ಎಷ್ಟೋ ಕಟ್ಟುಗಳ ದಾರವನ್ನೂ ಯಾರೂ ಬಿಚ್ಚಿರುವುದಿಲ್ಲ. ರುಚಿಯಿರುವ ಮನುಷ್ಯ ಪುಸ್ತಕವನ್ನು ಬಚ್ಚಿಟ್ಟಾನು. ಆದರೆ ಎಂದಾದರೊಂದು ದಿನ ಕೊಡಬಲ್ಲವನೂ ಅವನೇ.

ರಜೆ ಮುಗಿಯುವಷ್ಟರಲ್ಲಿ ಮೇಷ್ಟ್ರಿಗೆ ವರ್ಗವಾಗಿತ್ತು. ಆ ಪುಸ್ತಕದ ಬೆಲೆಯನ್ನು ಅವರು ಯಾರ ಹೆಸರೂ ಹೇಳದೆ ಕಟ್ಟಿ ಹೋದರು. ಹುಡುಗ ಯಾರೆಂಬುದು ಇಲ್ಲಿ ಅಪ್ರಸ್ತುತ. ಪುಸ್ತಕ ಸುಸ್ಥಿತಿಯಲ್ಲಿದೆ, ಬಸ್ ಟಿಕೆಟ್ಟೂ.