ದೆವ್ವಕ್ಕೊಂದು ಟ್ರೈಪಾಡ್

(ಅಮಾವಾಸ್ಯೆ ರಾತ್ರಿ, ಪಾಳು ಬಂಗಲೆ. ಹಗಲು ಹೊತ್ತಿನಲ್ಲಿ ದೆವ್ವಗಳು ಇರುವುದಿಲ್ಲ, ವ್ಯೂಸ್ ಬರುವುದಿಲ್ಲವಲ್ಲ. ಯೂಟ್ಯೂಬ್ ಭೂತಾನ್ವೇಷಕ ಕಿರಣ, ಜೊತೆಗೆ ಮದುವೆ ವಿಡಿಯೋದ ಸೀನಣ್ಣ.)

ಕಿರಣ: ಸೀನಣ್ಣ, ಬಿಳಿ ಗೋಳ ತೇಲ್ತಿದೆ! ಆತ್ಮ!

ಸೀನಣ್ಣ: ಧೂಳು ಸಾರ್. ಲೆನ್ಸ್ ಪಕ್ಕದಲ್ಲೇ 850 ನ್ಯಾನೋಮೀಟರ್ ಇನ್‌ಫ್ರಾರೆಡ್ ಎಲ್‌ಇಡಿ ಉರೀತಿದೆ. ಅದರ ಮುಂದೆ ಹಾರೋ ಕಣ ಫೋಕಸ್ ತಪ್ಪಿ ಗುಂಡಗೆ ಊದ್ಕೊಂಡು ಕಾಣುತ್ತೆ. ಈಗ ತಾನೇ ಜಮಖಾನ ಕೊಡವಿದ್ದು ನೀವೇ ಅಲ್ವಾ?

ಕಿರಣ: ಮತ್ತೆ ಚಿತ್ರ ಮಸುಕಾಗಿ, ಸರಿಹೋಗಿ, ಮತ್ತೆ ಮಸುಕಾಯ್ತಲ್ಲ? ಯಾರೋ ಹಾದುಹೋದ್ರು!

ಸೀನಣ್ಣ: ಕತ್ತಲಲ್ಲಿ ಆಟೋಫೋಕಸ್ ತಡಕಾಡ್ತಿದೆ. ಮ್ಯಾನ್ಯುಯಲ್‌ಗೆ ಹಾಕ್ಲಾ?

ಕಿರಣ: ಅಯ್ಯೋ ಬೇಡ! ದೆವ್ವ ಹೋಗ್ಬಿಡುತ್ತೆ.

ಸೀನಣ್ಣ: ಒಂದು ಲೈಟಾದ್ರೂ ಹಾಕೋಣ. ಬಂದವರ ಮುಖ ಕಾಣುತ್ತೆ.

ಕಿರಣ: ಮುಖ ಕಂಡ್ರೆ ಯಾರ್ರೀ ನೋಡ್ತಾರೆ?

ಸೀನಣ್ಣ: 1990ರ ದಶಕದಲ್ಲಿ ಬೆಂಗಳೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವಾನ ಸಾಗಹಾಕ್ತಿದ್ರು. ನೀವು ‘ಇವತ್ತೇ ಬಾ, ಸಬ್‌ಸ್ಕ್ರೈಬರ್ಸ್ ಕಾಯ್ತಿದ್ದಾರೆ’ ಅಂತಿದ್ದೀರಿ!

ಕಿರಣ: ತಮಾಷೆ ಸಾಕು. ಹೊಗೆ ಮೆಷೀನ್ ಇದೆಯಾ?

ಸೀನಣ್ಣ: ವ್ಯಾನಲ್ಲಿದೆ. ನಾಳೆ ಆರತಕ್ಷತೆಗೆ ತಂದಿದ್ದು. ಅದರ ಬಾಡಿಗೆ ಬೇರೆ ಆಗುತ್ತೆ ಸಾರ್.