ಸ್ಟೀರಿಯೋ ಮುಹೂರ್ತ ನಿರ್ಣಯ

ಮದುವೆಗೆ, ಗೃಹಪ್ರವೇಶಕ್ಕೆ, ಬಾವಿ ತೋಡುವುದಕ್ಕೆ, ಕಡೆಗೆ ಕ್ಷೌರಕ್ಕೂ ಹೊತ್ತು ಹೇಳುವ ನಮ್ಮ ಪಂಚಾಂಗಗಳು ಸ್ಟೀರಿಯೋ ಹಾಕಲು ಯಾವ ಹೊತ್ತು ಪ್ರಶಸ್ತ ಎಂಬಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಅದೇ ಆಂಪ್ಲಿಫೈಯರು, ಅದೇ ಸ್ಪೀಕರು, ಅದೇ ಮಲ್ಲಿಕಾರ್ಜುನ ಮನಸೂರರ ರೆಕಾರ್ಡು. ಬೆಳಿಗ್ಗೆ ಎಂಟಕ್ಕೆ ಕೇಳಿದರೆ ಬುವಾ ಹಿಟ್ಟಿನ ಡಬ್ಬದೊಳಗೆ ಕೂತಿರುತ್ತಾರೆ, ರಾತ್ರಿ ಹನ್ನೊಂದಕ್ಕೆ ಎದುರಿನ ಚಾಪೆಯ ಮೇಲೆ. ಕಾರಣವೇನು?

ಈ ಲಘುಗ್ರಂಥದ ವಿಷಯ ಅದೇ. ಪ್ರಯೋಜನ, ಹಣ ಉಳಿಯುವುದು. ಅಧಿಕಾರಿ, ಮನೆಯಲ್ಲಿ ಸ್ಟೀರಿಯೋ ಮತ್ತು ಸಂಸಾರ ಎರಡನ್ನೂ ಇಟ್ಟುಕೊಂಡವನು. ಸಂಸಾರವಿಲ್ಲದವರಿಗೆ ಈ ಸಮಸ್ಯೆಯೂ ಇಲ್ಲ, ಓದುವ ಅಧಿಕಾರವೂ ಇಲ್ಲ.

ಮೊದಲ ಪೂರ್ವಪಕ್ಷ: ವಿದ್ಯುದ್ವಾದ

ದೋಷವೆಲ್ಲ ಕರೆಂಟಿನದು ಎನ್ನುವುದು ಈ ಪಂಥ. ಸಂಜೆ ಬೀದಿಯ ಮನೆಗಳೆಲ್ಲ ಒಟ್ಟಿಗೆ ಗೀಸರು, ಮೋಟಾರು ಹಾಕಿದಾಗ 230 ವೋಲ್ಟು 200ಕ್ಕೆ ಕುಸಿಯುತ್ತದೆ, ಸ್ಟೀರಿಯೋ ಸೊರಗುತ್ತದೆ. ನಡುರಾತ್ರಿ ಕರೆಂಟು ಮಡಿಯುಟ್ಟು ಬರುತ್ತದೆ. ದೀಕ್ಷೆ ಪಡೆದವರನ್ನು ಹೆಬ್ಬೆರಳು ಗಾತ್ರದ ಪವರ್ ಕೇಬಲ್ಲಿನಿಂದ ಗುರುತಿಸಬಹುದು.

ಖಂಡನೆ: ವೋಲ್ಟೇಜು ಅಷ್ಟು ಇಳಿದರೆ ಸಾಧಾರಣ ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಕಾಲುಭಾಗ ತಗ್ಗುವುದು ದಿಟ. ಕಿವಿಯ ಲೆಕ್ಕದಲ್ಲಿ ಅದು ಒಂದು ಡೆಸಿಬೆಲ್ಲಿಗಿಂತ ಚೂರು ಹೆಚ್ಚು. ಅದೂ ವಾಲ್ಯೂಮು ಪೂರ್ತಿ ತಿರುಗಿಸಿದವರಿಗೆ. ಮನೆಯ ಹಾಲಿನಲ್ಲಿ ಹದವಾಗಿ ಕೇಳುವಾಗ ಸ್ಪೀಕರಿಗೆ ಹೋಗುವುದು ಒಂದೆರಡು ವ್ಯಾಟು. ನೂರು ವ್ಯಾಟಿನ ಒಡೆಯನಿಗೆ ಎಪ್ಪತ್ತೈದು ಉಳಿದರೂ ಎರಡಕ್ಕೆ ಬರವಿಲ್ಲ. ಇನ್ನು ಆ ಹೆಬ್ಬೆರಳು ಗಾತ್ರದ ಕೇಬಲ್ಲು. ಗೋಡೆಯೊಳಗೆ ಕಂಟ್ರಾಕ್ಟರು ಎಳೆದ ತೆಳ್ಳನೆಯ ತಂತಿಯ ಸಂಗತಿಯನ್ನು ಅದಕ್ಕೆ ಇನ್ನೂ ಯಾರೂ ತಿಳಿಸಿಲ್ಲ.

ಆದರೂ ಇವರ ಒಂದು ಉಪಶಾಖೆಗೆ ಮರ್ಯಾದೆ ಸಲ್ಲಬೇಕು. ಸಿಂಕ್ರೊನಸ್ ಮೋಟಾರಿನ ರೆಕಾರ್ಡ್ ಪ್ಲೇಯರಿನ ವೇಗ ಕರೆಂಟಿನ 50 ಹರ್ಟ್ಸ್ ಆವರ್ತನವನ್ನು ಹಿಡಿದು ನಡೆಯುತ್ತದೆ. ಆವರ್ತನ 49.4ಕ್ಕೆ ಜಾರಿದರೆ ತಟ್ಟೆ ನಿಧಾನವಾಗಿ, ಗಾಯಕರ ಷಡ್ಜ 81ರಿಂದ 80ರ ಅನುಪಾತದಲ್ಲಿ ಇಳಿಯುತ್ತದೆ. ಸಂಗೀತಶಾಸ್ತ್ರದ ಪ್ರಮಾಣಶ್ರುತಿ ಇದೇ! ಭರತಮುನಿ ಎರಡು ವೀಣೆಗಳನ್ನಿಟ್ಟು ವಿವರಿಸಿದ್ದನ್ನು ದಕ್ಷಿಣದ ಗ್ರಿಡ್ಡು ವಿದ್ಯುತ್ ಅಭಾವದ ಕಾಲದಲ್ಲಿ ಪುಕ್ಕಟೆಯಾಗಿ ಮಾಡಿ ತೋರಿಸುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಆ ಗ್ರಿಡ್ಡು ದೇಶದ ಉಳಿದ ಜಾಲಕ್ಕೆ ಬೆಸೆದುಕೊಂಡಿತು. ಈಗ ಧಾರವಾಡಕ್ಕೂ ದೆಹಲಿಗೂ ಒಂದೇ ಆವರ್ತನ. ನಿಗದಿಯಾದ ಮಿತಿ 49.90ರಿಂದ 50.05. ರಾಯಚೂರಿನವರು ದೇಶಕ್ಕೆಲ್ಲ ಶ್ರುತಿ ಕೂಡಿಸಿದ್ದನ್ನು ಯಾವ ಸಂಗೀತ ಸಭೆಯೂ ಶಾಲು ಹೊದಿಸಿ ಸನ್ಮಾನಿಸಿದಂತಿಲ್ಲ. ಸಿ.ಡಿ. ಪ್ಲೇಯರು, ಮೊಬೈಲುಗಳಿಗಂತೂ ಸ್ವಂತ ಸ್ಫಟಿಕದ ಗಡಿಯಾರವಿದೆ. ಅವಕ್ಕೆ ಗ್ರಿಡ್ಡಿನ ತಾಳದ ಹಂಗಿಲ್ಲ.

ಎರಡನೆಯದು: ವಾಯುವಾದ

ಇವರ ದೃಷ್ಟಾಂತ ರೈಲಿನ ಕೂಗು. ಹಗಲು ಕೇಳದ ದೂರದ ರೈಲು ರಾತ್ರಿ ಕೇಳುತ್ತದೆ, ಏಕೆಂದರೆ ನೆಲದ ಬಳಿಯ ಗಾಳಿ ತಣಿದು, ಮೇಲಿನದು ಬೆಚ್ಚಗೆ ಉಳಿದಾಗ ಸದ್ದು ಕೆಳಕ್ಕೆ ಬಾಗುತ್ತದೆ. ಭೌತಶಾಸ್ತ್ರ ಸರಿಯೇ. ಆದರೆ ಸ್ಪೀಕರು ಯಶವಂತಪುರದಲ್ಲಿಲ್ಲ, ಮೂರು ಮೀಟರಿನಾಚೆ ಶೋಕೇಸಿನ ಪಕ್ಕದಲ್ಲಿದೆ. ಗಾಳಿ 30 ಡಿಗ್ರಿಯಿಂದ 20ಕ್ಕೆ ತಣಿದರೆ ಶಬ್ದದ ವೇಗ ಸೆಕೆಂಡಿಗೆ 349 ಮೀಟರಿನಿಂದ 343ಕ್ಕೆ ಇಳಿಯುತ್ತದೆ. ಅಂದರೆ ಬುವಾ ನಿಮ್ಮ ಕಿವಿ ಮುಟ್ಟುವುದು ಸೆಕೆಂಡಿನ ಏಳು ಸಾವಿರದಲ್ಲೊಂದು ಪಾಲು ತಡವಾಗಿ. ಇಷ್ಟು ಸಮಯಪಾಲನೆಯ ಕಲಾವಿದರನ್ನು ಕಚೇರಿ ಏರ್ಪಡಿಸುವ ಯಾರೂ ಕಂಡಿರಲಾರರು. ಸದ್ದು ಕೆಳಕ್ಕೆ ಬಾಗುವ ಫಲವೇನಿದ್ದರೂ ಹಿಂದಿನ ಬೀದಿಯವರಿಗೆ.

ಮೂರನೆಯದು: ರಾಗಸಮಯವಾದ

ತೋಡಿ ಬೆಳಗಿಗೆ, ಯಮನ್ ಸಂಜೆಗೆ, ದರ್ಬಾರಿ ರಾತ್ರಿಗೆ; ಹೊತ್ತಲ್ಲದ ಹೊತ್ತಿನಲ್ಲಿ ಹಾಕಿದರೆ ಯಂತ್ರವೂ ಮುನಿಯುತ್ತದೆ ಎಂದು ಇವರ ವಾದ. ಖಂಡನೆ ಚಿಕ್ಕದು. ಬೆಳಿಗ್ಗೆ ಎಂಟಕ್ಕೆ ಹಾಕಿದ್ದು ತೋಡಿಯೇ.

ನಾಲ್ಕನೆಯದು: ಕರ್ಣವಾದ

1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ್ದು ಇದು: ಸದ್ದು ತಗ್ಗಿದಷ್ಟೂ ಮಂದ್ರ ಸ್ವರಗಳು ಕಿವಿಗೆ ಎಟುಕದೆ ಹೋಗುತ್ತವೆ. ಹಳೆಯ ಆಂಪ್ಲಿಫೈಯರುಗಳಲ್ಲಿ ‘ಲೌಡ್‌ನೆಸ್’ ಗುಂಡಿ ಇರುತ್ತಿದ್ದುದು ಈ ಕೊರತೆ ತುಂಬಲು. ಇಲ್ಲೊಂದು ಸಂಕಟ. ರಾತ್ರಿ ಎಲ್ಲರೂ ಸದ್ದು ತಗ್ಗಿಸಿಯೇ ಕೇಳುವುದು. ಹಾಗಾದರೆ ಮೃದಂಗದ ತೊಪ್ಪಿ, ತಂಬೂರಿಯ ಖರಜ ಸೊರಗಿ ರಾತ್ರಿಯೇ ಕಳಪೆಯಾಗಬೇಕಿತ್ತು. ಆಗುವುದಿಲ್ಲ. ಅಂದರೆ ಈ ನಷ್ಟವನ್ನು ಮೀರಿದ ಲಾಭ ಮತ್ತೆಲ್ಲಿಂದಲೋ ಬರುತ್ತಿದೆ.

ಸೇಬೈನ್ ಪ್ರಕರಣ

ದಾರಿ ತೋರಿದವನು ವ್ಯಾಲೇಸ್ ಸೇಬೈನ್. 1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದಾರು ಸೆಕೆಂಡು ಗುಂಯ್‌ಗುಟ್ಟುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ಈ ತರುಣ ಅಧ್ಯಾಪಕನ ಪಾಲಿಗೆ ಬಂತು. ಆತ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂತಿರುಗಿಸುತ್ತಿದ್ದ. ಊರು ಮಲಗಿದ ಮೇಲಷ್ಟೇ ಅಳತೆ. ತೊಟ್ಟ ಬಟ್ಟೆಯೂ ಸದ್ದು ಹೀರುತ್ತದೆ ಎಂದು ಗೊತ್ತಾದ ದಿನ ಸಾವಿರಾರು ಅಳತೆಗಳನ್ನು ಎಸೆದು, ಅಲ್ಲಿಂದಾಚೆ ಪ್ರತಿ ಪ್ರಯೋಗಕ್ಕೂ ಒಂದೇ ಉಡುಪು ತೊಟ್ಟ. ನಮ್ಮಲ್ಲಿ ಇದಕ್ಕೆ ಮಡಿ ಎನ್ನುತ್ತಾರೆ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸೋಣ. ವಿಟ್ರಿಫೈಡ್ ಟೈಲು ಹಾಸಿದ ಹಾಲು ಹಗಲೆಲ್ಲ ಗುಂಯ್‌ಗುಟ್ಟುತ್ತದೆ. ಊರಿಂದ ನೆಂಟರು ಬಂದ ರಾತ್ರಿ ಅಲ್ಲಿ ಸಾಲಾಗಿ ಹಾಸಿಗೆ ಬೀಳುತ್ತದೆ. ಹತ್ತಿ, ಕಂಬಳಿ, ಭಾವನವರು ಎಲ್ಲ ಸೇರಿ ಪ್ರತಿಧ್ವನಿಯನ್ನು ಹೀರುತ್ತಾರೆ. ಹೀಗಾಗಿ ಧ್ವನಿಶಾಸ್ತ್ರಕ್ಕೆ ಅತ್ಯುತ್ತಮವಾದ ಮುಹೂರ್ತವೇ ಗೃಹಶಾಸ್ತ್ರಕ್ಕೆ ನಿಷಿದ್ಧ. ಗೃಹಶಾಸ್ತ್ರದ ತೀರ್ಪಿಗೆ ಅಪೀಲಿಲ್ಲ.

ಸಿದ್ಧಾಂತ

ಸೇಬೈನನಿಂದ ನಾವು ಕಲಿಯಬೇಕಾದ್ದು ಮೆತ್ತೆಗಿಂತ ಹೆಚ್ಚಾಗಿ ಆತ ಆರಿಸಿಕೊಂಡ ಹೊತ್ತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಈ ಹತ್ತರ ಅಂತರವೆಂದರೆ ಸದ್ದಿನ ಶಕ್ತಿ ಹತ್ತನೇ ಒಂದು ಪಾಲು. ನಮ್ಮ ರಸ್ತೆಯ ಹಾರನ್ನುಗಳು ನಿಯಮ ಓದಿಲ್ಲವಾದರೂ ಹತ್ತರ ಮೇಲೆ ಅವಕ್ಕೂ ನಿದ್ದೆ ಬರುತ್ತದೆ. ಆಗ ತಂಬೂರಿಯ ಜೀವಾಳ, ಆಲಾಪದ ನಡುವೆ ಎಳೆದುಕೊಂಡ ಉಸಿರು, ಬೆಳಿಗ್ಗೆ ಗದ್ದಲದಡಿ ಹೂತುಹೋಗಿದ್ದ ಎಲ್ಲವೂ ಮೇಲೇಳುತ್ತವೆ. ಕರ್ಣವಾದಿಗಳ ನಷ್ಟ ಭರ್ತಿಯಾಗುವುದು ಹೀಗೆ.

ಗದ್ದಲದ ದೊಡ್ಡ ಪಾಲಂತೂ ಮನೆಯೊಳಗಿನದೇ. ಅಗ್ರಪೂಜೆ ಮಿಕ್ಸಿಗೆ. ಅದು ಗಾಳಿಯಲ್ಲಿ ಅರಚುವುದಲ್ಲದೆ, ಮೋಟಾರಿನ ಬ್ರಷ್ಷುಗಳ ಕಿಡಿಯಿಂದ ತಂತಿಯಲ್ಲೂ ಗರಗರ ಸೇರಿಸುತ್ತದೆ. ಸೋಮವಾರದ ರಾಹುಕಾಲ ಬೆಳಿಗ್ಗೆ 7:30ರಿಂದ 9. ಮಿಕ್ಸಿಯ ರಾಹುಕಾಲವೂ ಅದೇ, ಆದರೆ ವಾರದ ಏಳೂ ದಿನ. ಅದರ ಹಿಂದೆ ಕುಕ್ಕರು, ಸಂಪಿನ ಪಂಪು, ಸಿಂಕಿನ ಪಾತ್ರೆ. ಹನ್ನೊಂದಕ್ಕೆ ಪಕ್ಕದ ಸೈಟಿನ ಡ್ರಿಲ್ಲು. ಮಧ್ಯಾಹ್ನ ಎರಡಕ್ಕೆ ನಿಶ್ಶಬ್ದವೇನೋ ಇದೆ, ಆದರೆ ಊಟವಾಗಿರುತ್ತದೆ. ರೆಕಾರ್ಡಿನ ಎರಡನೇ ಬದಿಯನ್ನು ಆ ಹೊತ್ತಿನಲ್ಲಿ ಎಚ್ಚರವಿದ್ದು ಕೇಳಿದವರಿಲ್ಲ. ಸಂಜೆ ಏಳಕ್ಕೆ ಧಾರಾವಾಹಿಯ ಅತ್ತೆ-ಸೊಸೆ.

ಹಾಗಾಗಿ ಸೂತ್ರ: ಪರಕರ್ಮಾಂತೇ ಸುನಾದಃ. ಮನೆಯ ಉಳಿದವರ ಕೆಲಸ ಮುಗಿದ ಮೇಲೆ ಸ್ಟೀರಿಯೋ ಚೆನ್ನಾಗಿ ಕೇಳುತ್ತದೆ.

ಆಕ್ಷೇಪ ಅಡುಗೆಮನೆಯಿಂದ: “ರೀ, ಅಷ್ಟು ಬೇಗ ನಿಶ್ಶಬ್ದ ಬೇಕಾದ್ರೆ ಬಂದು ಪಾತ್ರೆ ತೊಳೀರಿ. ಅದೇನು ತಾನಾಗೇ ಮುಗಿಯುತ್ತಾ?”

ಪೂರ್ವಪಕ್ಷದವರಲ್ಲಿ ಒಬ್ಬರಿಗೂ ಹೊಳೆಯದ ಮಾತಿದು. ನಿಶ್ಶಬ್ದವೂ ದುಡಿಮೆಯ ಸರಕು. ಅದನ್ನು ತಯಾರಿಸುವವರು ಒಬ್ಬರು, ಕಾಲು ಚಾಚಿ ಅನುಭವಿಸಿ ಕೀರ್ತಿಯನ್ನು ಕೇಬಲ್ಲಿಗೆ ಕೊಡುವವರು ಇನ್ನೊಬ್ಬರು. ಸಿಂಕಿನ ಮುಂದೆ ಅರ್ಧ ಗಂಟೆ ನಿಂತರೆ ಮುಹೂರ್ತ ಅರ್ಧ ಗಂಟೆ ಹಿಂದಕ್ಕೆ ಬರುತ್ತದೆ. ಇಷ್ಟು ಅಗ್ಗದ ಅಪ್‌ಗ್ರೇಡ್ ಯಾವ ಅಂಗಡಿಯಲ್ಲೂ ಸಿಗದು.

ಫಲಶ್ರುತಿ

ಇದನ್ನು ನಿತ್ಯ ಪಠಿಸುವವರಿಗೆ ಸ್ಟೆಬಿಲೈಸರ್ ಮೋಹ ನೀಗುವುದು. ಪಠಿಸಿ ಪಾತ್ರೆ ತೊಳೆಯುವವರಿಗೆ ಒಂಬತ್ತೂವರೆಗೇ ರಾತ್ರಿಯಾಗುವುದು. ಕೇಬಲ್ಲಿಗೆಂದು ಎತ್ತಿಟ್ಟ ಹಣದಲ್ಲಿ ಸದ್ದು ಕಡಿಮೆಯ ಮಿಕ್ಸಿ ಕೊಂಡವರಿಗೆ ಬೆಳಿಗ್ಗೆ ಎಂಟರ ತೋಡಿಯೂ ಲಭಿಸುವುದು. ಮಿಕ್ಸಿ ತರುತ್ತೇನೆಂದು ಹೊರಟು ಇನ್ನೊಂದು ಆಂಪ್ಲಿಫೈಯರ್ ಹೊತ್ತು ಬಂದವರಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ; ಅವರು ಹೆಡ್‌ಫೋನ್ ಹಾಕಿಕೊಂಡು ಒಳಗೆ ಬರತಕ್ಕದ್ದು.